ಲೂಪ್‌ಬ್ಯಾಕ್‌ನ ಮುದ್ದು

ಡೆಸ್ಕ್‌ಟಾಪ್‌ನಲ್ಲೇ ಕ್ಲಸ್ಟರ್ ಎಬ್ಬಿಸಲು ಮಿನಿಕ್ಯೂಬೋ ಕೈಂಡೋ ಎಂಬ ಪಂಚಾಯಿತಿಯನ್ನು ಈ ವಾರ ಮುಗಿಸುವುದಾಗಿ ಹೇಳಿದ್ದೆ. ಮುಗಿಸಿಯೇ ಬಿಡುತ್ತೇನೆ: ಡಾಕರ್ ಆಗಲೇ ಇದ್ದರೆ ಕೈಂಡ್, ಪೂರ್ತಿ ವರ್ಚುವಲ್ ಯಂತ್ರವೇ ಬೇಕೆಂದರೆ ಮಿನಿಕ್ಯೂಬ್. ಓಪನ್‌ಸ್ಟ್ಯಾಕ್ ಚಟದವರು ಡೆವ್‌ಸ್ಟ್ಯಾಕನ್ನು ವರ್ಚುವಲ್ ಯಂತ್ರದೊಳಗೇ ಕೂರಿಸಿ. ನೇರವಾಗಿ ಹಾಕಿದರೆ ಅದು ನಿಮ್ಮ ಉಬುಂಟುವನ್ನೇ ಕಲಸಿಹಾಕುತ್ತದೆ.

ನನ್ನ ಜಗಳ ಇರುವುದು, ಕ್ಲೌಡ್ ಸೇವೆಗಳನ್ನು ನಿಮ್ಮ ಯಂತ್ರದಲ್ಲೇ ನಟಿಸುವ ಲೋಕಲ್‌ಸ್ಟ್ಯಾಕನ್ನು ನಂಬಿ ‘ಲೋಕಲ್‌ಸ್ಟ್ಯಾಕ್‌ನಲ್ಲಿ ಹಸಿರು ಬಂತು, ಇನ್ನೇನು’ ಎನ್ನುವ ಪಂಥದವರ ಜೊತೆ. ಅವರ ಪರೀಕ್ಷೆಗಳೆಲ್ಲ, ಯಂತ್ರ ತನ್ನೊಡನೆ ತಾನೇ ಮಾತಾಡುವ ಲೂಪ್‌ಬ್ಯಾಕ್‌ನ ಮುದ್ದಿನಲ್ಲಿ ಬೆಳೆದವು. 1994ರ ಸುಮಾರಿಗೆ ಸನ್ ಕಂಪನಿಯಲ್ಲಿದ್ದ ಪೀಟರ್ ಡಾಯ್ಚ್, ಜಾಲದ ಬಗ್ಗೆ ಎಂಜಿನಿಯರ್‌ಗಳು ಸಾಕಿಕೊಂಡ ಭ್ರಮೆಗಳನ್ನು ಪಟ್ಟಿ ಮಾಡಿದ. ಜಾಲ ಕೈಕೊಡುವುದಿಲ್ಲ, ವಿಳಂಬವೆಂಬುದೇ ಇಲ್ಲ, ಬ್ಯಾಂಡ್‌ವಿಡ್ತ್‌ಗೆ ಮಿತಿಯಿಲ್ಲ, ಎಲ್ಲವೂ ಸುರಕ್ಷಿತ, ಜಾಲದ ವಿನ್ಯಾಸ ಬದಲಾಗದು, ನೋಡಿಕೊಳ್ಳುವವನು ಒಬ್ಬನೇ, ಸಾಗಾಟಕ್ಕೆ ಖರ್ಚಿಲ್ಲ. ಎಂಟನೆಯದು ಜಾವಾದ ಜೇಮ್ಸ್ ಗಾಸ್ಲಿಂಗ್ ಸೇರಿಸಿದ್ದು: ಜಾಲವೆಲ್ಲ ಏಕರೂಪ. ಈ ಪಟ್ಟಿಯನ್ನು ಎಷ್ಟು ಸಲ ಓದಿದರೂ ನನಗೆ ಬೇಸರವಿಲ್ಲ. ಮಜಾ ಏನೆಂದರೆ, ನಿಮ್ಮ ಡೆಸ್ಕ್‌ಟಾಪ್‌ನೊಳಗೆ ಈ ಎಂಟೂ ಹೆಚ್ಚುಕಡಿಮೆ ನಿಜ! ಸುಳ್ಳು ಬಯಲಾಗದ ಜಾಗದಲ್ಲಿ ಕೂತು ಸುಳ್ಳನ್ನು ಹುಡುಕುತ್ತಿದ್ದೇವೆ.

ಮದ್ದು ಲಿನಕ್ಸ್‌ನಲ್ಲೇ ಇದೆ. ‘ಟಿಸಿ’ ಆಜ್ಞೆಯ ಮೂಲಕ, ಜಾಲಕ್ಕೆ ಬೇಕೆಂದೇ ವಿಳಂಬ ತರುವ ನೆಟ್‌ಎಮ್ ಹಚ್ಚಿ. ಎಷ್ಟು ವಿಳಂಬ ಎನ್ನುತ್ತೀರಾ? ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಮುಂಬೈಗೆ 1,000 ಕಿಲೋಮೀಟರ್ ಕೇಬಲ್ ಎಂದಿಟ್ಟುಕೊಂಡರೂ ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡ್. ಒಂದರ ಹಿಂದೊಂದು 40 ಪ್ರಶ್ನೆ ಕೇಳುವ ಪುಟ, ಡೇಟಾಬೇಸ್ ಅಷ್ಟು ದೂರವಿದ್ದರೆ, ಪ್ರಯಾಣಕ್ಕೇ 400 ಮಿಲಿಸೆಕೆಂಡ್ ತಿನ್ನುತ್ತದೆ; ಮನೆಯಲ್ಲಿ ಅದೇ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದಿರುತ್ತದೆ. ಆಮೇಲೆ ಕೆಲವು ಪ್ಯಾಕೆಟ್‌ಗಳನ್ನು ಬೇಕೆಂದೇ ಬೀಳಿಸಿ, ಟೈಮ್‌ಔಟ್ ಬಿಗಿ ಮಾಡಿ. ಉತ್ತರ ತಡವಾಯಿತೆಂದು ಮತ್ತೆ ಕಳಿಸಿದ ಆರ್ಡರ್ ಎರಡು ಸಲ ದಾಖಲಾಗುವ ಚೆಂದ ಕಾಣುತ್ತದೆ.

ಕೈಂಡ್‌ನಲ್ಲಿ ಮೂರು ಕಂಟ್ರೋಲ್ ನೋಡ್ ಎಬ್ಬಿಸಿದವರು ಎರಡನ್ನು ಡಾಕರ್‌ನಿಂದ ಪಾಜ್ ಮಾಡಿ ನೋಡಿ. ಕ್ಲಸ್ಟರ್‌ನ ಲೆಕ್ಕಪುಸ್ತಕವಾದ ಇಟಿಸಿಡಿಗೆ ಬಹುಮತ ತಪ್ಪಿ, ಹೊಸದೇನನ್ನೂ ಬರೆದುಕೊಳ್ಳುವುದಿಲ್ಲ. ಆದರೆ ಮೂರೂ ಒಂದೇ ಎಸ್‌ಎಸ್‌ಡಿಯ ಮೇಲೆ ಕೂತಿವೆ, ಡಿಸ್ಕ್ ಹೋದರೆ ಮೂರೂ ಹೋದವು. ಅದನ್ನು ಹೈ ಅವೈಲಬಿಲಿಟಿ ಎಂದು ಸ್ಲೈಡಿನಲ್ಲಿ ತೋರಿಸಬೇಡಿ.

‘ನೇರ ಕ್ಲೌಡ್‌ನಲ್ಲೇ ಪರೀಕ್ಷಿಸಿ’ ಎನ್ನುವವರಿಗೆ ಒಂದು ಮಾತು ಬಿಟ್ಟುಕೊಡುತ್ತೇನೆ: ಅನುಮತಿಗಳ ಪರೀಕ್ಷೆ ಅಲ್ಲೇ ಆಗಬೇಕು. ಲೋಕಲ್‌ಸ್ಟ್ಯಾಕ್ ತಾನಾಗಿ, ಯಾರಿಗೆ ಏನು ಅನುಮತಿ ಎಂದು ಹೇಳುವ ಐಎಎಮ್ ನೀತಿಗಳನ್ನು ಜಾರಿ ಮಾಡುವುದಿಲ್ಲ, ಬಂದವರಿಗೆಲ್ಲ ಬಾಗಿಲು ತೆರೆಯುತ್ತದೆ. ವಿಳಂಬ ಮತ್ತು ವೈಫಲ್ಯದ ಪಾಠವನ್ನು ಮಾತ್ರ ಮನೆಯಲ್ಲೇ ಕಲಿಯಿರಿ, ಬಿಲ್ ಬರುವುದಿಲ್ಲ.

ಕೊನೆಗೊಂದು ಎಚ್ಚರಿಕೆ: ನೆಟ್‌ಎಮ್‌ನಿಂದ ಲೂಪ್‌ಬ್ಯಾಕ್ ಮೇಲೆ 50 ಮಿಲಿಸೆಕೆಂಡ್ ವಿಳಂಬ ಹಾಕಿದರೆ ಪಿಂಗ್ 100 ತೋರಿಸುತ್ತದೆ; ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಬಗ್ ಎಂದು ನನಗೆ ಬರೆಯಬೇಡಿ. ಕೆಲಸ ಮುಗಿದ ಮೇಲೆ ನಿಯಮವನ್ನು ಅಳಿಸಿ, ಇಲ್ಲವಾದರೆ ಯಂತ್ರ ರೀಬೂಟ್ ಆಗುವತನಕ ಎಲ್ಲ ದೋಷವೂ ನೆಟ್‌ವರ್ಕ್‌ನದೇ.