ಪಾಲಾರಿವಟ್ಟಂ ಗರ್ಡರ್‌ಗಳ ಬಿರುಕು

ಕಾಂಕ್ರೀಟು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಭಾರ ಹೊತ್ತ ಗರ್ಡರಿನ ಅಡಿಭಾಗ ಎಳೆತಕ್ಕೆ ಸಿಗುವುದರಿಂದ ಬಿರುಕು ಮೂಡುವುದು ಹೆಚ್ಚಾಗಿ ಅಲ್ಲೇ. ಮಾಮೂಲಿ ಸರಳು ಕಾಂಕ್ರೀಟಿನಲ್ಲಿ (ಆರ್‌ಸಿಸಿ) ಸಣ್ಣ ಬಿರುಕು ಸಹಜ. ಒಳಗಿನ ಸರಳು ಅದು ಅಗಲವಾಗದಂತೆ ಹಿಡಿದಿಡುತ್ತದೆ. ಪ್ರಿಸ್ಟ್ರೆಸ್ಡ್ ಕಾಂಕ್ರೀಟಿನ ದಾರಿ ಬೇರೆ. ಉಕ್ಕಿನ ಕೇಬಲ್‌ಗಳನ್ನು ಬಿಗಿಯಾಗಿ ಎಳೆದು ಕಟ್ಟಿ, ವಾಹನ ಹತ್ತುವ ಮೊದಲೇ ಅಡಿಭಾಗವನ್ನು ಒತ್ತಿಟ್ಟಿರುತ್ತಾರೆ. ಆ ಒತ್ತಡ ಕರಗಿದ ಮೇಲಷ್ಟೇ ಕಾಂಕ್ರೀಟು ಎಳೆತವನ್ನು ಕಾಣುತ್ತದೆ.

ಹಾಗೆಂದು ಇಲ್ಲಿ ಬಿರುಕಿನ ಚಿಂತೆ ಕಡಿಮೆಯಲ್ಲ, ಹೆಚ್ಚು. ಕೇಬಲಿನ ಒಂದೊಂದು ಎಳೆಯೂ ಕೆಲವೇ ಮಿಲಿಮೀಟರ್ ದಪ್ಪದ ಏಳು ತಂತಿಗಳ ಹೊಸೆತ. ದಪ್ಪ ಸರಳಿಗೆ ತುಕ್ಕು ಹಿಡಿದರೆ ಮೇಲ್ಪದರ ಸವೆಯುತ್ತದೆ. ಸದಾ ಸೆಟೆದು ನಿಂತ ತಂತಿಗೆ ಚಿಕ್ಕ ಗುಳಿ ಬಿದ್ದರೂ ಅದು ಮುನ್ಸೂಚನೆಯಿಲ್ಲದೆ ಕಡಿದೀತು. ಆದ್ದರಿಂದಲೇ ಭಾರತದ ಐಎಸ್ 1343 ಸಂಹಿತೆ ಪ್ರಿಸ್ಟ್ರೆಸ್ಡ್ ರಚನೆಗಳಲ್ಲಿ ಮೂರು ವರ್ಗ ಮಾಡುತ್ತದೆ. ಮೊದಲನೆಯದರಲ್ಲಿ ಎಳೆತಕ್ಕೇ ಎಡೆಯಿಲ್ಲ. ಎರಡನೆಯದರಲ್ಲಿ ಮಿತ ಎಳೆತವಿದ್ದರೂ ಕಣ್ಣಿಗೆ ಕಾಣುವ ಬಿರುಕು ಸಲ್ಲದು. ಮೂರನೆಯದರಲ್ಲಿ ಬಿರುಕಿಗೆ ಅವಕಾಶವುಂಟು: ತೀವ್ರ ಪರಿಸರದಲ್ಲಿ 0.1 ಮಿಲಿಮೀಟರ್, ಉಳಿದೆಡೆ 0.2.

ಹಿನ್ನೀರಿನ ಉಪ್ಪುಗಾಳಿಯ ಕೊಚ್ಚಿಯಲ್ಲಿ ಬಿರುಕಿನ ಬೆಲೆಯನ್ನು ತೋರಿಸಿಕೊಟ್ಟದ್ದು ಪಾಲಾರಿವಟ್ಟಂ ಮೇಲ್ಸೇತುವೆ. 2016ರ ಅಕ್ಟೋಬರ್‌ನಲ್ಲಿ ತೆರೆದ ಅದನ್ನು 2019ರ ಮೇ ತಿಂಗಳಲ್ಲಿ ಮುಚ್ಚಬೇಕಾಯಿತು. ಅದರ 102 ಆರ್‌ಸಿಸಿ ಗರ್ಡರ್‌ಗಳ ಪೈಕಿ 97ರಲ್ಲಿ ಬಿರುಕು ಕಂಡಿತ್ತು. ಮದ್ರಾಸ್ ಐಐಟಿ ತಜ್ಞರು ಕಾರ್ಬನ್ ಫೈಬರ್ ಹೊದಿಕೆಯ ದುರಸ್ತಿಯನ್ನು ಸೂಚಿಸಿದ್ದರು. ಎಂಜಿನಿಯರ್ ಇ. ಶ್ರೀಧರನ್ ಅವರ ಮಾತು ಬೇರೆಯಿತ್ತು: ಗರ್ಡರ್‌ಗಳನ್ನೇ ತೆಗೆದು ಪ್ರಿಸ್ಟ್ರೆಸ್ಡ್ ಗರ್ಡರ್ ಕೂರಿಸಬೇಕು. ಹೊದಿಕೆ ಬಲ ಕೊಟ್ಟೀತು, ಆದರೆ ಒಳಗಿನ ಕಾಂಕ್ರೀಟನ್ನು ಹೊಸದಾಗಿಸದು. ದೀರ್ಘ ಬಾಳಿಕೆಯ ಲೆಕ್ಕದಲ್ಲಿ ಶ್ರೀಧರನ್ ಆಯ್ಕೆಯೇ ಸರಿ. ಭಾರಪರೀಕ್ಷೆ ನಡೆಸದೆಯೇ ಮರುನಿರ್ಮಿಸಲು 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇರಳ ಸರ್ಕಾರಕ್ಕೆ ಒಪ್ಪಿಗೆ ಕೊಟ್ಟಿತು. ದೆಹಲಿ ಮೆಟ್ರೊ ನಿಗಮದ ಉಸ್ತುವಾರಿಯಲ್ಲಿ 19 ಅಂಕಣಗಳಲ್ಲಿ 17ನ್ನು ಬದಲಿಸಿ, 2021ರ ಮಾರ್ಚ್‌ನಲ್ಲಿ ಸೇತುವೆಯನ್ನು ಸಂಚಾರಕ್ಕೆ ಬಿಟ್ಟರು.

ಹೊಸ ಗರ್ಡರಿನಲ್ಲೂ ವಿನ್ಯಾಸಕಾರನ ಕೈ ತಪ್ಪಬಾರದ ಜಾಗಗಳಿವೆ. ಕಾಂಕ್ರೀಟಿನ ಕುಗ್ಗುವಿಕೆ, ಸತತ ಒತ್ತಡಕ್ಕೆ ಅದರ ನಿಧಾನ ವಿರೂಪ (ಕ್ರೀಪ್), ಉಕ್ಕಿನ ಸಡಿಲಿಕೆಗಳಿಂದ ಬಿಗುವು ವರ್ಷಗಳಲ್ಲಿ ಕಡಿಮೆಯಾಗುತ್ತದೆ. ಆ ನಷ್ಟ ಕಳೆದು ಉಳಿದ ಬಲದಿಂದಲೇ ಅಡಿಭಾಗ ಒತ್ತಡದಲ್ಲಿರಬೇಕು. ಬಿಗುವು ವಿಪರೀತವಾದರೆ, ಮೇಲೆ ಭಾರವಿಲ್ಲದ ಎಳೆಯ ಗರ್ಡರಿನ ನೆತ್ತಿಯೇ ಬಿರಿಯುತ್ತದೆ. ಕೇಬಲ್ ಬಂಧಿಸಿದ ತುದಿಗಳಲ್ಲಿ ಕಾಂಕ್ರೀಟು ಪಕ್ಕಕ್ಕೆ ಸಿಡಿಯಲೆತ್ನಿಸುವುದರಿಂದ ಅಲ್ಲಿ ಸುರುಳಿ ಸರಳು, ಒತ್ತಾದ ಸರಳು ಬಳೆಗಳು (ಸ್ಟಿರಪ್) ಬೇಕೇಬೇಕು. ಕೇಬಲ್ ಕೊಳವೆಗೆ ತುಂಬುವ ಸಿಮೆಂಟ್ ಗ್ರೌಟ್‌ನಲ್ಲಿ ಪೊಳ್ಳು ಉಳಿದರೆ ನೀರು ಅಲ್ಲೇ ನಿಂತು, ಹೊರಗೆ ಒಂದೂ ಬಿರುಕು ಕಾಣದೆಯೂ ತಂತಿಗೆ ತುಕ್ಕು ಹಿಡಿಯುತ್ತದೆ.