ಪದಾಕೃತಿಯ ವಾದ ಮತ್ತು ಬ್ರಿಟನ್ನಿನ ರಸ್ತೆ ಫಲಕಗಳು

ಬ್ರಿಟನ್ನಿನ ರಸ್ತೆ ಫಲಕಗಳ ವಿನ್ಯಾಸವನ್ನು ಕುರಿತು ಬರೆಯುವವರು ಒಂದು ಕಾರಣವನ್ನು ಮತ್ತೆಮತ್ತೆ ಹೇಳುತ್ತಾರೆ: ಊರ ಹೆಸರನ್ನು ಬರಿಯ ದೊಡ್ಡಕ್ಷರಗಳಲ್ಲಿ ಬರೆದರೆ ಪ್ರತಿ ಹೆಸರೂ ಒಂದೇ ಬಗೆಯ ಆಯತವಾಗಿ ಕಾಣುತ್ತದೆ, ಮೊದಲನೆಯದನ್ನು ಬಿಟ್ಟು ಉಳಿದವನ್ನು ಚಿಕ್ಕಕ್ಷರಗಳಲ್ಲಿ ಬರೆದರೆ ಏರಿಳಿತಗಳಿಂದ ಪ್ರತಿ ಹೆಸರಿಗೂ ತನ್ನದೇ ಹೊರರೇಖೆ ದೊರೆತು, ವೇಗವಾಗಿ ಸಾಗುವ ಚಾಲಕನು ಅದನ್ನು ಬೇಗ ಗುರುತಿಸುತ್ತಾನೆ. ಈ ಪದಾಕೃತಿಯ ವಾದವನ್ನು ಸಿದ್ಧಸತ್ಯವೆಂದು ಒಪ್ಪುವುದು ನಮಗೆ ಕಷ್ಟವಾಗಿದೆ.

1957ರಲ್ಲಿ ಮೋಟಾರು ಹೆದ್ದಾರಿಗಳ ಫಲಕಗಳಿಗಾಗಿ ಆಂಡರ್ಸನ್ ಸಮಿತಿ ನೇಮಕವಾಯಿತು. ಅದಕ್ಕಾಗಿ ಜಾಕ್ ಕಿನೀರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ರೂಪಿಸಿದ ಫಲಕಗಳನ್ನು 1958ರಲ್ಲಿ ಪ್ರೆಸ್ಟನ್ ಬೈಪಾಸ್‌ನಲ್ಲಿ ಪ್ರಯೋಗಿಸಲಾಯಿತು. ವರ್ಬಾಯ್ಸ್ ಸಮಿತಿಯ 1963ರ ವರದಿಯನ್ನು ಅನುಸರಿಸಿ, 1965ರಿಂದ ಇತರ ರಸ್ತೆಗಳಿಗೂ ಇದೇ ಪದ್ಧತಿ ಬಂದಿತು. ಈ ನಡುವೆ ಕಲ್ಲಿನಲ್ಲಿ ಅಕ್ಷರ ಕೆತ್ತುವ ಕಲಾವಿದ ಡೇವಿಡ್ ಕಿಂಡರ್ಸ್‌ಲಿ ಇದನ್ನು ವಿರೋಧಿಸಿದರು. ಸೆರಿಫ್ ಉಳ್ಳ ದೊಡ್ಡಕ್ಷರಗಳೇ ಸ್ಪಷ್ಟ, ಅವಕ್ಕೆ ಫಲಕದ ಜಾಗವೂ ಕಡಿಮೆ ಸಾಕು ಎಂಬುದು ಅವರ ವಾದ. ರಸ್ತೆ ಸಂಶೋಧನಾ ಪ್ರಯೋಗಾಲಯವು ಬೆನ್ಸನ್ ವಾಯುನೆಲೆಯಲ್ಲಿ ಪರೀಕ್ಷೆ ನಡೆಸಿದಾಗ ಕಿಂಡರ್ಸ್‌ಲಿಯವರ ಅಕ್ಷರಗಳೇ ತುಸು ಮುಂದಿದ್ದವು. ಅಂತರ ಅಲ್ಪವಾದುದರಿಂದ ಆಯ್ಕೆ ಸೌಂದರ್ಯದ ನೆಲೆಯಲ್ಲಿ ನಡೆಯಿತು. ಆ ಆಯ್ಕೆಯ ಬಗೆಗೆ ನಮ್ಮ ಆಕ್ಷೇಪವಿಲ್ಲ (ಟ್ರಾನ್ಸ್‌ಪೋರ್ಟ್ ಅಕ್ಷರಗಳು ನಿಜಕ್ಕೂ ಚೆಲುವಾಗಿವೆ). ಸೌಂದರ್ಯದ ತೀರ್ಮಾನವೊಂದಕ್ಕೆ ಗ್ರಹಿಕೆಯ ನಿಯಮವೆಂಬ ಪಟ್ಟ ಕಟ್ಟುವುದರ ಬಗೆಗೆ ಇದೆ.

ಪೆಲ್ಲಿ, ಫಾರೆಲ್ ಮತ್ತು ಮೂರ್ 2003ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದಂತೆ, ಅತಿ ಪರಿಚಿತ ಪದವನ್ನು ಓದುವುದಕ್ಕೂ ಅದರ ಅಕ್ಷರಗಳು ಬಿಡಿಬಿಡಿಯಾಗಿ ಗುರುತಿಗೆ ಸಿಗಬೇಕು. ಆ ಪ್ರಯೋಗ ನಡೆದುದು ರಸ್ತೆಯಲ್ಲಲ್ಲ. ಗೊತ್ತಿರುವ ಊರಿನ ಹೆಸರನ್ನು ಫಲಕದಲ್ಲಿ ಹುಡುಕುವ ಚಾಲಕನಿಗೆ ಹೊರರೇಖೆ ಸ್ವಲ್ಪ ನೆರವಾಗಲೂಬಹುದು. ಆದರೆ ಅದನ್ನು ಸಾಧಿಸಿ ತೋರಿಸುವ ಹೊಣೆ ವಾದ ಹೂಡಿದವರದು.

ಈ ಪ್ರಶ್ನೆಗೆ ಕನ್ನಡ ಒಳ್ಳೆಯ ಒರೆಗಲ್ಲಾಗಬಲ್ಲುದು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ-ಚಿಕ್ಕಕ್ಷರಗಳ ಭೇದವಿಲ್ಲ. ಹೆಸರಿನ ಹೊರರೇಖೆಯನ್ನು ಏರಿಳಿಸುವವು ಸ್ವರಚಿಹ್ನೆಗಳು ಮತ್ತು ಒತ್ತಕ್ಷರಗಳು. 'ಗದಗ', 'ಕೊಪ್ಪಳ' ಎರಡೂ ಮೂರಕ್ಷರದ ಹೆಸರುಗಳು. ಮೊದಲನೆಯದು ಬಹುಮಟ್ಟಿಗೆ ಸಮತಲ, ಎರಡನೆಯದರಲ್ಲಿ ಒತ್ತು ಕೆಳಗಿಳಿಯುತ್ತದೆ. ಪದಾಕೃತಿಯ ವಾದ ಸರಿಯಾದರೆ 'ಕೊಪ್ಪಳ'ದಂಥ ಹೆಸರುಗಳು ಹೆಚ್ಚು ದೂರದಿಂದ ಗುರುತಿಗೆ ಸಿಗಬೇಕು. ಬಿಡಿ ಅಕ್ಷರಗಳ ವಾದ ಸರಿಯಾದರೆ, ಒತ್ತಕ್ಷರವು ಗಾತ್ರದಲ್ಲಿ ಕಿರಿದಾದುದರಿಂದ, ಅಂಥ ಹೆಸರುಗಳೇ ಹಿಂದೆ ಬೀಳಬೇಕು. ಎರಡು ವಾದಗಳೂ ಇಷ್ಟು ಸ್ಪಷ್ಟವಾಗಿ ಎದುರುಬದುರಾಗುವ ಸಂದರ್ಭ ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗದು. ಅಕ್ಷರಸಂಖ್ಯೆ ಮತ್ತು ಪರಿಚಿತತೆಗಳನ್ನು ಸರಿದೂಗಿಸಿದ ಹೆಸರುಗಳ ಒಂದು ಪಟ್ಟಿ, ಬೆನ್ಸನ್ನಿನಂಥ ಒಂದು ಬಯಲು ಇದ್ದರೆ ಪರೀಕ್ಷೆಯನ್ನು ಆರಂಭಿಸಬಹುದು.