ಜಪಾನೀ ಕುಂಚದಲ್ಲಿ ಕಪಿವೀರ

ಸಾಹಿತ್ಯ ಸಂಶೋಧನೆಗೆ ಮೀಸಲಾದ ಈ ಸಂಚಿಕೆಯಲ್ಲಿ ಮಕ್ಕಳ ಚಲಚ್ಚಿತ್ರಗಳ ವಿಚಾರವನ್ನೆತ್ತುವುದು ಉಚಿತವೇ ಎಂದು ಕೆಲವು ಮಿತ್ರರು ಸಂದೇಹಪಡಬಹುದು. ನಮಗೂ ಆ ಸಂದೇಹವಿದ್ದಿತು. ಆದರೆ ಕುಂದಾ ಸೀಮೆಯ ನಮ್ಮ ಶಾಲೆಯ ಹುಡುಗರು ಬಿಡುವಿನ ವೇಳೆಯಲ್ಲಿ ಎರಡು ಅಂಗೈಗಳನ್ನೂ ಸೊಂಟದ ಪಕ್ಕಕ್ಕೆ ಸೇರಿಸಿ, ಕಾಣದ ಶತ್ರುವಿನತ್ತ ಏನನ್ನೋ ಎಸೆಯುತ್ತಿರುವುದನ್ನು ಕಂಡು ವಿಚಾರಿಸಲಾಗಿ, ಅದು ಜಪಾನಿನ ‘ಡ್ರ್ಯಾಗನ್ ಬಾಲ್’ ಎಂಬ ಕದನಕಥೆಯಿಂದ ಕಲಿತದ್ದೆಂದು ತಿಳಿಯಿತು. ನಾಯಕನ ಹೆಸರು ಗೋಕು. ಬಾಲವುಳ್ಳ ಹುಡುಗ, ಕೈಯಲ್ಲಿ ಬೇಕೆಂದಷ್ಟು ಉದ್ದವಾಗುವ ಕೋಲು, ಏರಿ ಹೋಗಲು ಒಂದು ಮೋಡ. ಇಷ್ಟನ್ನು ಕೇಳಿದೊಡನೆ ನಮ್ಮ ಕಿವಿ ನೆಟ್ಟಗಾಯಿತು.

ಏಕೆಂದರೆ ಈ ಬಾಲ, ಈ ಕೋಲು, ಈ ಮೋಡ ಮೂರೂ ಚೀನಾ ದೇಶದ ‘ಪಶ್ಚಿಮಯಾತ್ರೆ’ ಎಂಬ ಕಾದಂಬರಿಯ ಕಪಿವೀರನ ಸೊತ್ತುಗಳು. 16ನೆಯ ಶತಮಾನದ ಆ ಕೃತಿಯಲ್ಲಿ ಸುನ್ ವುಕಾಂಗ್ ಎಂಬ ಕಪಿರಾಜನು ಸ್ವರ್ಗದ ಮೇಲೆಯೇ ದಂಡೆತ್ತಿ, ಐನೂರು ವರ್ಷ ಬೆಟ್ಟದಡಿಯಲ್ಲಿ ಸೆರೆಯಾಗಿ, ಕೊನೆಗೆ ಭಾರತಕ್ಕೆ ಧರ್ಮಗ್ರಂಥಗಳನ್ನು ತರಲು ಹೊರಟ ಭಿಕ್ಷುವಿನ ಕಾವಲಿಗೆ ನಿಲ್ಲುತ್ತಾನೆ. ಅವನ ತಲೆಗೊಂದು ಚಿನ್ನದ ಪಟ್ಟಿ. ಭಿಕ್ಷು ಮಂತ್ರ ಜಪಿಸಿದರೆ ಅದು ಬಿಗಿಯುತ್ತದೆ. ‘ಸುನ್ ವುಕಾಂಗ್’ ಎಂಬ ಅಕ್ಷರಗಳ ಜಪಾನೀ ಉಚ್ಚಾರಣೆಯೇ ‘ಸೊನ್ ಗೋಕು’. ಆ ಭಿಕ್ಷುವಾದರೋ ಕಲ್ಪಿತ ವ್ಯಕ್ತಿಯಲ್ಲ. ನಾವು ತರಗತಿಯಲ್ಲಿ ವರ್ಷವರ್ಷವೂ ಪಾಠ ಹೇಳುವ ಯುವಾನ್ ಚಾಂಗನೇ ಅವನು. ಬಾದಾಮಿಯ ಇಮ್ಮಡಿ ಪುಲಕೇಶಿಯ ಪ್ರತಾಪವನ್ನು ಬರೆದಿಟ್ಟ ಯಾತ್ರಿಕನು ಇಂದು ಹುಡುಗರು ಕುಣಿಯುವ ಕಥೆಯ ಬೇರಿನಲ್ಲಿ ಕುಳಿತಿದ್ದಾನೆ!

ಸುನ್ ವುಕಾಂಗನು ನಮ್ಮ ಹನುಮಂತನ ರೂಪಾಂತರವೇ? 1920ರ ದಶಕದಲ್ಲಿ ಚೀನೀ ವಿದ್ವಾಂಸ ಹೂ ಷೀ ಹೌದೆಂದು ವಾದಿಸಿದರು. ಲೂ ಷುನ್ ಒಪ್ಪದೆ, ಅದು ಚೀನಾದ ಹಳೆಯ ಜಲಪಿಶಾಚಿಯ ಕಥೆಯಿಂದ ಬಂದುದೆಂದರು. ವಿವಾದ ಇನ್ನೂ ತೀರಿಲ್ಲ. ಆನೆಗೊಂದಿಯ ಅಂಜನಾದ್ರಿಯನ್ನು ಹತ್ತಿ ಬಂದ ಕನ್ನಡಿಗನಿಗೆ ಹೂ ಷೀಯವರ ಪಕ್ಷವೇ ರುಚಿಸುವುದು ಸಹಜ. ಆದರೆ ರುಚಿ ಪ್ರಮಾಣವಾಗಲಾರದು. ವಂಶ ಯಾವುದೇ ಇರಲಿ, ಈ ಕಪಿಗಳು ತಮ್ಮ ಬಲವನ್ನು ಏತಕ್ಕೆ ಬಳಸುತ್ತಾರೆ ಎಂಬುದನ್ನು ಹೋಲಿಸಿ ನೋಡಲು ಅಡ್ಡಿಯಿಲ್ಲ.

2024ರಲ್ಲಿ ನಿಧನರಾದ ಅಕಿರ ತೊರಿಯಾಮ ಎಂಬ ಚಿತ್ರಕಾರರು ‘ಡ್ರ್ಯಾಗನ್ ಬಾಲ್’ ಚಿತ್ರಕಥೆಯನ್ನು 1984ರಿಂದ ಒಂದು ವಾರಪತ್ರಿಕೆಯಲ್ಲಿ ಬರೆಯತೊಡಗಿದರು. ಅದರ ಮೊದಲ ಚಲಚ್ಚಿತ್ರವು 1986ರ ಡಿಸೆಂಬರಿನಲ್ಲಿ ಬಂದಿತು. ಒಂದು ಗಂಟೆಯೂ ಇಲ್ಲದ ಚಿಕ್ಕ ಚಿತ್ರ. ರಕ್ತಮಾಣಿಕ್ಯಗಳ ಆಸೆಗೆ ಬಿದ್ದ ದೊರೆಯೊಬ್ಬ ಪ್ರಜೆಗಳ ಹೊಲಗಳನ್ನೆಲ್ಲ ಅಗೆಸುತ್ತಾನೆ. ಅವನಿಗೆ ತೀರದ ಹಸಿವಿನ ಶಾಪ ತಗಲುತ್ತದೆ. ಹಳ್ಳಿಯ ಪುಟ್ಟ ಹುಡುಗಿಯೊಬ್ಬಳು ಸಹಾಯ ಬೇಡಿ ಹೊರಡುತ್ತಾಳೆ. ಗೋಕು ಹೋರಾಡುವುದು ಅವಳಿಗಾಗಿ. ಕೊನೆಯಲ್ಲಿ ವರ ಕೊಡುವ ಸರ್ಪ ಪ್ರತ್ಯಕ್ಷವಾದಾಗ ಆಕೆ ಬೇಡುವುದು ತನ್ನ ನೆಲ ಮೊದಲಿನಂತಾಗಲಿ ಎಂದು. ಕಥೆ ಸರಳ, ಹಾಸ್ಯ ಕೆಲವೆಡೆ ಒರಟು (ತರಗತಿಗೆ ಸಲ್ಲದ ಮಾತುಗಳೂ ಉಂಟು). ಆದರೂ ಬೆಟ್ಟದ ಮಕ್ಕಳಿಗೆ ಈ ನೆಲದ ವ್ಯಥೆ ಅರ್ಥವಾಗುತ್ತದೆ, ವಿವರಿಸಬೇಕಾಗಿಲ್ಲ.

ಮೂಲಕಥೆಯ ಇನ್ನೊಂದು ಭಾಗವನ್ನು ಅಧ್ಯಾಪಕರಾದ ನಾವು ಮೆಚ್ಚದಿರಲಾರೆವು. ಯುದ್ಧವಿದ್ಯೆ ಕಲಿಯಲು ಬಂದ ಗೋಕು ಮತ್ತು ಅವನ ಸಹಪಾಠಿಗೆ ಮುದಿ ಗುರು ಮೊದಲು ಹೇಳಿಕೊಡುವುದು ಹೊಡೆತವನ್ನಲ್ಲ. ಬೆನ್ನಿಗೆ ಭಾರವಾದ ಆಮೆಚಿಪ್ಪು ಹೊರಿಸಿ, ಮನೆಮನೆಗೆ ಹಾಲು ಹಾಕಿ ಬರಲು ಕಳುಹಿಸುತ್ತಾನೆ. ಬರಿಗೈಯಲ್ಲಿ ಹೊಲ ಉಳಿಸುತ್ತಾನೆ. ಮುಂಜಾನೆಯ ಮಂಜಿನಲ್ಲಿ ಹಾಲಿನ ಕ್ಯಾನು ಹೊತ್ತು ಏರು ಹತ್ತಿ, ಆಮೇಲೆ ಶಾಲೆಗೆ ಬರುವ ಹುಡುಗರನ್ನು ಬಲ್ಲ ನಮಗೆ ಇದು ಕಟ್ಟುಕಥೆಯಾಗಿ ತೋರಲಿಲ್ಲ.

ಆದರೆ ಕಥೆ ಬೆಳೆದಂತೆ ಈ ಅಳತೆ ಕೆಟ್ಟಿತು. ಒಬ್ಬ ಎದುರಾಳಿ ಬಿದ್ದೊಡನೆ ಅವನಿಗಿಂತ ಬಲಶಾಲಿ ಬರುತ್ತಾನೆ, ಗೋಕು ಅವನನ್ನು ಮೀರಿಸುತ್ತಾನೆ, ಮತ್ತೊಬ್ಬ ಬರುತ್ತಾನೆ. ಬಲವು ಕಾರ್ಯದ ಸಾಧನವಾಗಿರುವುದು ತಪ್ಪಿ ತಾನೇ ಕಾರ್ಯವಾಗುತ್ತದೆ. ಹನುಮಂತನಲ್ಲಿ ಇದು ತಲೆಕೆಳಗು. ಅವನಿಗೆ ತನ್ನ ಬಲದ ನೆನಪೇ ಇಲ್ಲ. ಸಮುದ್ರತೀರದಲ್ಲಿ ಜಾಂಬವಂತನು ನೆನಪಿಸಬೇಕಾಯಿತು. ಅವನು ದೂತ. ಹೇಳಿಕಳುಹಿಸಿದ ಮಾತು ಸೀತೆಗೆ ಮುಟ್ಟುವವರೆಗೆ ಅವನ ಬಲಕ್ಕೆ ಬೇರೆ ಅರ್ಥವಿಲ್ಲ.

ಈ ಹೋಲಿಕೆಯಿಂದಲೇ ನಾವು ಎರಡನೆಯ ಚಿತ್ರಕ್ಕೆ ಬಂದೆವು. ಅದು ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’. ಯುಗೊ ಸಾಕೊ ಎಂಬ ಜಪಾನೀಯರು ರಾಮಾಯಣ ಸಂಬಂಧದ ಉತ್ಖನನಗಳ ಬಗ್ಗೆ ಸಾಕ್ಷ್ಯಚಿತ್ರ ತೆಗೆಯಲು 1983ರಲ್ಲಿ ಭಾರತಕ್ಕೆ ಬಂದು, ಕಾವ್ಯಕ್ಕೇ ಮರುಳಾಗಿ, ಕೊಯಿಚಿ ಸಸಾಕಿ ಮತ್ತು ನಮ್ಮ ರಾಮ್ ಮೋಹನ್ ಅವರೊಡನೆ ನಿರ್ದೇಶಿಸಿದ ಚಿತ್ರವಿದು. ವಿದೇಶೀಯರು ರಾಮನನ್ನು ವ್ಯಂಗ್ಯಚಿತ್ರ ಮಾಡುತ್ತಾರೆಂಬ ತಪ್ಪು ತಿಳಿವಳಿಕೆಯಿಂದ ಆರಂಭದಲ್ಲಿ ವಿರೋಧ ಬಂದಿತು. ಕೊನೆಗೆ ಬಹುಪಾಲು ಕೆಲಸ ಜಪಾನಿನಲ್ಲಿಯೇ ನಡೆಯಿತು. 1993ರ ಜನವರಿಯಲ್ಲಿ ಭಾರತದ ಅಂತಾರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ತೋರಿಸಲಾಯಿತು.

ರಾಮನು ದೇವರು, ಅವನನ್ನು ನಟನೊಬ್ಬನ ಮುಖದಲ್ಲಿ ಕಾಣುವುದಕ್ಕಿಂತ ಬರೆದ ಚಿತ್ರದಲ್ಲಿ ಕಾಣುವುದು ಮೇಲೆಂಬುದು ಸಾಕೊ ಅವರ ಅಭಿಪ್ರಾಯವಾಗಿತ್ತು. ಈ ಮಾತನ್ನು ಕನ್ನಡಿಗರು ಸುಲಭವಾಗಿ ಒಪ್ಪಿಯಾರು. ನಮ್ಮ ತೊಗಲುಗೊಂಬೆಯಾಟದಲ್ಲಿ ರಾಮನಿಗೆ ಯಾವ ಮನುಷ್ಯನ ಮುಖವೂ ಇಲ್ಲ. ಬಣ್ಣದ ತೊಗಲು, ದೀಪ, ಪರದೆ, ಹಾಡು, ಇಷ್ಟೇ. ಹಿಂದೀ ಅವತರಣಿಕೆಯಲ್ಲಿ ಮಾತ್ರ ಒಂದು ವಿನೋದ ನಡೆಯಿತು. 1987ರ ದೂರದರ್ಶನ ಧಾರಾವಾಹಿಯಲ್ಲಿ ಯಾರ ಮುಖವನ್ನು ದೇಶವೆಲ್ಲ ರಾಮನೆಂದು ಕೈಮುಗಿದಿತೋ, ಆ ಅರುಣ್ ಗೋವಿಲ್ ಅವರಿಂದಲೇ ರಾಮನಿಗೆ ದನಿ ಕೊಡಿಸಲಾಯಿತು. ಬಾಗಿಲಿನಿಂದ ಹೊರಗೆ ಹಾಕಿದ ನಟನು ಕಿಟಕಿಯಿಂದ ಒಳಗೆ ಬಂದನು.

ಕೈಯಿಂದಲೇ ಬರೆದ ಈ ಚಿತ್ರದಲ್ಲಿ ಕಾಡು, ನೀರು, ಆಕಾಶಗಳ ಹಿನ್ನೆಲೆ ಮನೋಹರವಾಗಿದೆ. ವನರಾಜ್ ಭಾಟಿಯಾ ಅವರ ಸಂಗೀತದಲ್ಲಿ ಸಂಸ್ಕೃತದ ಹಾಡುಗಳು ಕಥೆಯನ್ನು ಅವಸರಪಡಿಸದೆ ನಡೆಸುತ್ತವೆ. ರಾಮನ ಮುಖ ಮಾತ್ರ ನಮಗೆ ಅತಿ ನಯವಾಗಿ ಕಂಡಿತು. ಅಲ್ಲಿ ಶೀಲವಿದೆ, ತಳಮಳ ಸಾಲದು. ಪಂಪರಾಮಾಯಣದಲ್ಲಿ ವಾನರರನ್ನು ಕಪಿಧ್ವಜವುಳ್ಳ ವಿದ್ಯಾಧರರನ್ನಾಗಿ ಕಂಡ ನಾಗಚಂದ್ರನಿಂದ ಹಿಡಿದು, ರಾವಣನ ಮನಃಪರಿವರ್ತನೆಯನ್ನು ಚಿತ್ರಿಸಿದ ಕುವೆಂಪು ಅವರವರೆಗೆ ಕಥೆಯನ್ನು ಕೆದಕಿ ಕೆದಕಿ ನೋಡಿದವರ ಓದಿನಲ್ಲಿ ಬೆಳೆದವರಿಗೆ ಈ ಕೊರತೆ ತೋರದೆ ಇರದು.

ಆದರೆ ನಮ್ಮನ್ನು ಯೋಚನೆಗೆ ಹಚ್ಚಿದುದು ಮಕ್ಕಳ ಉತ್ತರ. ಶಾಲೆಯಲ್ಲಿ ಈ ಚಿತ್ರವನ್ನು ತಮಿಳಿನಲ್ಲಿ ತೋರಿಸಿ, ಹನುಮಂತನು ಮಾಡಿದುದರಲ್ಲಿ ಯಾವುದು ನೆನಪಿದೆ ಎಂದು ಕೇಳಿದೆವು. ಬೆಂಕಿ ಎಂದರು ಎಲ್ಲರೂ. ಲಂಕೆ ಉರಿದದ್ದು ಗೋಕುವಿನ ಹೊಡೆತದಷ್ಟೇ ಅವರಿಗೆ ಚೆನ್ನಾಗಿತ್ತು. ಆಗ ನಾವು ವಾಲ್ಮೀಕಿಯ ಸುಂದರಕಾಂಡದಲ್ಲಿ ಬೆಂಕಿಯ ಅನಂತರ ಬರುವ ಪ್ರಸಂಗವನ್ನು ಹೇಳಿದೆವು. ಉರಿಯುವ ಊರನ್ನು ನೋಡಿ ಹನುಮಂತನು ಬೆಚ್ಚುತ್ತಾನೆ. ಸೀತೆಯೂ ಇದರಲ್ಲಿ ಬೆಂದಿದ್ದರೆ? ಕೋಪದಿಂದ ತಾನು ಬಂದ ಕಾರ್ಯವನ್ನೇ ಕೆಡಿಸಿದೆನೇ ಎಂದು ತನ್ನನ್ನು ತಾನೇ ನಿಂದಿಸಿಕೊಳ್ಳುತ್ತಾನೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಹಿಂದಿನ ಸಾಲಿನ ಹುಡುಗನೊಬ್ಬ, “ಸಾರ್, ಗೋಕು ಹೀಗೆ ಯೋಚನೆ ಮಾಡೋದಿಲ್ಲ” ಎಂದನು. ವಿಮರ್ಶೆಯಲ್ಲಿ ನಾವು ಹೇಳಬೇಕೆಂದಿದ್ದುದು ಇಷ್ಟೇ. ಅವನು ನಮಗಿಂತ ಚೊಕ್ಕಟವಾಗಿ ಹೇಳಿದನು.

ತಮಿಳಿನಲ್ಲಿ ತೋರಿಸಿದೆವೆಂದೆವಷ್ಟೆ. ಅದಕ್ಕೆ ಕಾರಣವುಂಟು. 2025ರ ಜನವರಿ 24ರಂದು ಈ ಚಿತ್ರವು ಹೊಸ ಹೊಳಪಿನೊಡನೆ ದೇಶದ ಚಿತ್ರಮಂದಿರಗಳಿಗೆ ಬಂದಾಗ ಹಿಂದಿ, ತಮಿಳು, ತೆಲುಗು, ಇಂಗ್ಲಿಷುಗಳಲ್ಲಿ ಬಂದಿತು, ಕನ್ನಡದಲ್ಲಿ ಬರಲಿಲ್ಲ. ಕಿಷ್ಕಿಂಧೆಯನ್ನು ತುಂಗಭದ್ರೆಯ ದಡದಲ್ಲಿಟ್ಟುಕೊಂಡ ಭಾಷೆಗೆ ಆ ಪಟ್ಟಿಯಲ್ಲಿ ಸ್ಥಳವಿರಲಿಲ್ಲ. ತಪ್ಪೆಲ್ಲ ಹಂಚಿಕೆದಾರರದೆಂದು ನಾವು ಹೇಳುವುದಿಲ್ಲ. ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೊಡುವುದನ್ನು ಕನ್ನಡ ಚಿತ್ರರಂಗವೇ ದಶಕಗಳ ಕಾಲ ತಡೆದಿತ್ತು. ಅದು ಸಲ್ಲದೆಂದು ಸ್ಪರ್ಧಾ ಆಯೋಗವು ಹೇಳಿದುದು 2015ರಲ್ಲಿ. ಭಾಷೆಯನ್ನು ಕಾಯುತ್ತೇವೆಂದು ಹಾಕಿದ ಬೇಲಿಯೊಳಗೆ ದೊಡ್ಡವರ ಚಿತ್ರಗಳು ಬೆಳೆದಿರಬಹುದು. ಮಕ್ಕಳ ಕಿವಿಗೆ ಬೀಳಬೇಕಾದುದೆಷ್ಟೋ ಹೊರಗುಳಿಯಿತು. ಗಡಿಯಾಚೆ ಇರುವ ನಮಗೆ ಇದರ ಬಿಸಿ ಹೆಚ್ಚು ತಾಗುತ್ತದೆ.

ಇಲ್ಲಿಯ ಮಕ್ಕಳಿಗೆ ಮನೆಯಲ್ಲಿ ಬಡಗ ನುಡಿ, ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷು. ಬಡಗವು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ಈ ಲೇಖನಕ್ಕೆ ಬೇಡ. ಚಿತ್ರ ನೋಡಿದ ಮರುದಿನ ಹಟ್ಟಿಯೊಂದರಲ್ಲಿ ಹುಡುಗಿಯೊಬ್ಬಳು ತನ್ನ ಅಜ್ಜಿಗೆ ಕಥೆ ಹೇಳುತ್ತಿದ್ದುದನ್ನು ನಾವು ಕೇಳಿದೆವು. ಚಿತ್ರದಲ್ಲಿ ಅವಳು ಕೇಳಿದುದು ‘ನೆರುಪ್ಪು’. ಅಜ್ಜಿಗೆ ಹೇಳಿದುದು ‘ಕಿಚ್ಚು’. ಕನ್ನಡದ ಹಳೆಯ ಕವಿಗಳು ಬಳಸಿದ ಮಾತು ಅದು. ನಮ್ಮ ಪಟ್ಟಣದ ಮಕ್ಕಳು ಹೊಟ್ಟೆಕಿಚ್ಚಿನಲ್ಲಿ ಮಾತ್ರ ಉಳಿಸಿಕೊಂಡಿರುವ ಮಾತು.

ಮುಂದಿನ ಸಲ ಚಿತ್ರದ ದನಿಯನ್ನು ಪೂರ್ತಿ ಅಡಗಿಸಿ, ತೊಗಲುಗೊಂಬೆಯವರು ಪರದೆಯ ಹಿಂದೆ ನಿಂತು ಹೇಳುವಂತೆ ಮಕ್ಕಳಿಂದಲೇ ಮಾತು ಹೇಳಿಸುವುದೆಂದು ನಿಶ್ಚಯಿಸಿದ್ದೇವೆ. ಸೀತೆಯ ಮಾತು ಆ ಹುಡುಗಿಗೆ. ಹಿಂದಿನ ಸಾಲಿನ ಹುಡುಗನು ಹನುಮಂತನ ಮಾತು ತನಗೇ ಬೇಕೆಂದು ಕೇಳಿದ್ದಾನೆ. ಬೆಂಕಿಯ ಅನಂತರದ ಭಾಗವನ್ನು ತಾನೇ ಬರೆದು ತರುತ್ತಾನಂತೆ.